ತಟ್ಟೆಗೆ ಬಂದ ಬಸವನಹುಳು

ಬ್ಯಾಡರಹಳ್ಳಿಯಲ್ಲಿ ಗಿರಣಿ ಕಾಂತರಾಜು ಯಾರೆಂದು ಕೇಳುವವರು ಹೊಸದಾಗಿ ಬಾಡಿಗೆಗೆ ಬಂದವರು ಮಾತ್ರ. ಹೊಲಗಳೆಲ್ಲ ಸೈಟುಗಳಾದವು, ಸೈಟುಗಳ ಮೇಲೆ ಮನೆಗಳೆದ್ದವು, ಆ ಮನೆಗಳ ರಾಗಿಯನ್ನೆಲ್ಲ ಬೀಸಿಕೊಟ್ಟವನು ಇವನೇ. ಕೆಳಗೆ ಗಿರಣಿ, ಮೇಲೆ ಮನೆ. ಮೀಸೆ, ರೆಪ್ಪೆ, ಕಿವಿಯ ಸಂದಿ ಎಲ್ಲೆಲ್ಲೂ ಹಿಟ್ಟು. ಮದುವೆಯ ಗಂಡಾಗಿದ್ದಾಗಲೇ ಮುದುಕನ ಹಾಗೆ ಕಾಣುತ್ತಿದ್ದ ಎಂದು ಇವತ್ತಿಗೂ ಜನ ನಗುತ್ತಾರೆ.

ಗಿರಣಿ ಶುರುವಾಯಿತೆಂದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಹೆಂಡತಿ ಹೇಮಶ್ರೀ ಮಧ್ಯಾಹ್ನ ಊಟಕ್ಕೆ ಕರೆಯಲು ಬಾಲ್ಕನಿಯ ಗ್ರಿಲ್ಲಿಗೆ ಕಬ್ಬಿಣದ ಸೌಟು ಬಡಿಯುತ್ತಿದ್ದಳು. ಟಣ್, ಟಣ್, ಟಣ್. ಅಷ್ಟು ಗದ್ದಲದಲ್ಲೂ ಆ ಸದ್ದೊಂದು ಅವನ ಕಿವಿಗೆ ಬೀಳುತ್ತಿತ್ತು. ಗ್ರಿಲ್ಲಿನ ಪಕ್ಕದಲ್ಲೇ ಅವಳ ಮೀನಿನ ಟ್ಯಾಂಕು. ಅದರಲ್ಲಿ ಒಂದೇ ಒಂದು ಗೋಲ್ಡ್‌ಫಿಶ್, ಹೆಸರು ಕೆಂಪಿ. ಸೌಟು ಬಡಿದ ಕೈಯಲ್ಲೇ ಕೆಂಪಿಗೂ ಒಂದು ಚಿಟಿಕೆ ಕಾಳು ಉದುರಿಸುವಳು. ಹಾಗಾಗಿ ಆ ಸದ್ದಿಗೆ ಗಂಡನೂ ಮೇಲೆ ಬರುವನು, ಮೀನೂ ಮೇಲೆ ಬರುವುದು. "ಇಬ್ರೂ ಒಂದೇ, ಹೊಟ್ಟೆಬಾಕರು" ಎಂದು ಅವಳು ಆಡಿಕೊಳ್ಳುವಳು.

ಹೋದ ವರ್ಷ ಕಾಮಾಲೆ ಹೇಮಶ್ರೀಯನ್ನು ಕೊಂಡೊಯ್ದಿತು. ತಿಥಿಯ ದಿನ ಟೆರೇಸಿನಲ್ಲಿ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ. ಆಗ ಮನೆಯವರು ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಡಬೇಕು. ಅವಳ ಅಣ್ಣ ಅಂಜಿನಯ್ಯ, "ಮನೆ ಮಾರೋಕೆ ಬಿಡಲ್ಲ ಕಣವ್ವ" ಅಂದ. ಮಗಳು ಕೀರ್ತನಾ, "ಅಪ್ಪಂಗೆ ದಿನಾ ಕ್ಯಾರಿಯರ್ ಕಳಿಸ್ತೀನಿ ಕಣಮ್ಮ" ಅಂದಳು. ಕಾಗೆ ನೀರಿನ ತೊಟ್ಟಿಯ ಮೇಲೆ ಕೂತು ಕತ್ತು ಓರೆ ಮಾಡಿ ನೋಡುತ್ತಲೇ ಇತ್ತು. ಕೊನೆಗೆ ಕಾಂತರಾಜು, "ನಿನ್ನ ಕೆಂಪೀನ ಹಸ್ಕೊಂಡಿರೋಕೆ ಬಿಡಲ್ಲ ಕಣೇ" ಅಂದ. ಕಾಗೆ ಇಳಿದು ಬಂತು, ಒಂದೇ ಒಂದು ಅಗುಳು ಕಚ್ಚಿಕೊಂಡು ಹಾರಿಹೋಯಿತು. ಮುಟ್ಟಿತಲ್ಲ, ಅಷ್ಟು ಸಾಕು ಅಂದರು ಹಿರಿಯರು.

ಕೊಟ್ಟ ಮಾತು ತಪ್ಪುವ ಆಳಲ್ಲ ಕಾಂತರಾಜು. ಆದರೆ ಗೋಲ್ಡ್‌ಫಿಶ್ ಎಂಬ ಪ್ರಾಣಿಗೆ ಹೊಟ್ಟೆ ತುಂಬಿತು ಅನ್ನುವುದೇ ಗೊತ್ತಿಲ್ಲ. ಮನುಷ್ಯರ ನೆರಳು ಕಂಡರೆ ಸಾಕು, ಗಾಜಿಗೆ ಬಂದು ಬಾಯಿ ಬಿಡುತ್ತದೆ. ಇವನು ಹೋದಾಗಲೆಲ್ಲ ಹಾಕಿದ. ಒಂಟಿ ಮೀನಿಗೆ ಬೇಜಾರಾಗದಿರಲೆಂದು ಅಂಗಡಿಯಿಂದ ಹಸಿರು ಗಿಡ ತಂದು ಬಿಟ್ಟ. ಗಿಡದ ಎಲೆಯಡಿ ಮೊಟ್ಟೆಗಳಿದ್ದವು. ಕೆಲವು ವಾರ ಕಳೆಯುವುದರೊಳಗೆ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಬಸವನಹುಳುಗಳು ಹರಿದಾಡತೊಡಗಿದವು.

ಒಂದು ಮಧ್ಯಾಹ್ನ ರಾಗಿ ಸುರಿಯುತ್ತಿದ್ದಾಗ ಮೇಲಿನಿಂದ ಸದ್ದು ಕೇಳಿತು. ಟಣ್, ಟಣ್, ಟಣ್. ಕಾಂತರಾಜು ಕೈಯಲ್ಲಿದ್ದ ಡಬ್ಬ ಇಟ್ಟು ಮೆಟ್ಟಿಲು ಹತ್ತಿದ. ಮನೆಗೆ ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಸೌಟು ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಟ್ಯಾಂಕಿನಲ್ಲಿದ್ದ ಹುಳುಗಳೆಲ್ಲ ಒಲೆಯ ಕಡೆಯ ಗಾಜಿಗೆ ಬಂದು ಒತ್ತೊತ್ತಾಗಿ ಅಂಟಿಕೊಂಡಿದ್ದವು, ಒಂದೂ ಅಲುಗುತ್ತಿರಲಿಲ್ಲ. ಕೆಂಪಿ ನೀರಿನ ಮೇಲ್ಗಡೆ ಬಾಯಿ ಬಿಡುತ್ತಿತ್ತು.

'ಮೀನಿಗೆ ಹಸಿವಾಗಿದೆ, ಅದಕ್ಕೇ ಕರೀತಾಳೆ' ಅಂದುಕೊಂಡ ಪುಣ್ಯಾತ್ಮ. ಮಗಳು ಕಳಿಸಿದ ಕ್ಯಾರಿಯರ್ ಬಿಚ್ಚಿ ಒಂದು ಹಿಡಿ ಅನ್ನ ಟ್ಯಾಂಕಿಗೆ ಹಾಕಿದ. ಮರುದಿನವೂ ಸದ್ದು ಬಂತು, ಮರುದಿನವೂ ಹಾಕಿದ. ಅವನಿಗೋ, ಅವಳು ಹೋದಾಗಿನಿಂದ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇಕರಿಯ ಒಂದು ಬನ್ನು, ಎರಡು ಟೀ, ಅಷ್ಟರಲ್ಲಿ ದಿನ ಸಾಗುತ್ತಿತ್ತು. ಮಿಕ್ಕಿದ್ದನ್ನು ಬೀದಿನಾಯಿಗೆ ಹಾಕಿ, ಕ್ಯಾರಿಯರ್ ತೊಳೆದು ವಾಪಸ್ ಕಳಿಸುವನು. ಅಪ್ಪ ಚೆನ್ನಾಗಿ ಉಣ್ಣುತ್ತಿದ್ದಾರೆ ಎಂದು ಕೀರ್ತನಾಗೆ ಸಮಾಧಾನ. ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದು ಅವಳಿಗೆ ಗೊತ್ತಿರಲಿಲ್ಲ.

ಅನ್ನ ತಿಂದು ಹುಳುಗಳು ಬೆಳೆದವು. ಗಾಜು ಕಪ್ಪಾಯಿತು, ನೀರು ನಾರತೊಡಗಿತು, ಕೆಂಪಿ ತಳದಲ್ಲಿ ಓರೆಯಾಗಿ ಬಿದ್ದುಕೊಂಡಿತು. ಕಾಂತರಾಜು ಗಿರಣಿ ಮುಚ್ಚಿ ರಾಜಾಜಿನಗರದ ಮೀನಿನ ಅಂಗಡಿಗೆ ಓಡಿದ.

"ಹುಳ ಹೆಚ್ಚಿರೋದು ನೀವು ಹಾಕೋ ಊಟದಿಂದ ಸಾರ್" ಅಂದ ಅಂಗಡಿಯ ಸಂಪತ್. "ಔಷಧಿ ಬಿಟ್ರೆ ಎಲ್ಲಾ ಒಟ್ಟಿಗೆ ಸತ್ತು ನೀರು ಕೊಳೆಯುತ್ತೆ, ಮೀನೂ ಹೋಗುತ್ತೆ. ಅರ್ಧ ನೀರು ಬದಲಾಯಿಸಿ, ಒಂದು ವಾರ ಏನೂ ಹಾಕ್ಬೇಡಿ. ಸಂಜೆ ಒಂದು ಸೌತೆಕಾಯಿ ಹೋಳು ಬಿಡಿ, ಬೆಳಿಗ್ಗೆ ಹುಳ ಮುತ್ಕೊಂಡಿರುತ್ತೆ, ಎತ್ತಿ ಎಸೀರಿ."

"ಮೀನು ಹಸ್ಕೊಂಡು ಸಾಯಲ್ವಾ?"

"ಹಸಿದ್ರೆ ಸಣ್ಣ ಹುಳಾನ ಅದೇ ತಿನ್ನುತ್ತೆ. ನೀವು ಹಾಕಿದ್ರೇನೇ ಸಾಯೋದು."

ಅತ್ತ ದರಿ, ಇತ್ತ ಪುಲಿ. ಹಾಕಿದರೆ ಕೆಂಪಿ ಉಳಿಯುವುದಿಲ್ಲ, ಹಾಕದಿದ್ದರೆ ಹೇಮಶ್ರೀಗೆ ಕೊಟ್ಟ ಮಾತು ಉಳಿಯುವುದಿಲ್ಲ. ಬಸ್ಸಿನಲ್ಲಿ ಕೂತು ಮುಖಕ್ಕೆ ಟವೆಲ್ ಮುಚ್ಚಿಕೊಂಡು ಅತ್ತ. ಮನೆಗೆ ಬಂದು ನೀರು ಬದಲಾಯಿಸಿ ಸೌತೆಕಾಯಿ ಹೋಳು ಬಿಟ್ಟ.

ಮರುದಿನ ಮಧ್ಯಾಹ್ನ ಸೌಟಿನ ಸದ್ದು ಜೋರಾಗಿ ಬಂತು. ಕಿವಿಗೆ ಹತ್ತಿ ತುರುಕಿಕೊಂಡು ಗಿರಣಿಯಲ್ಲೇ ಕೂತ. ಸಂಜೆ ಮೇಲೆ ಹೋದರೆ ಟ್ಯಾಂಕಿನಿಂದ ನೆಲಕ್ಕೆ ಒಂದು ತೆಳ್ಳನೆಯ ಲೋಳೆಯ ಗೆರೆ ಇಳಿದಿತ್ತು. ಅದು ಅಡುಗೆಮನೆ ಹೊಕ್ಕು, ಗೋಡೆ ಹತ್ತಿ, ಪಾತ್ರೆಯ ಸ್ಟ್ಯಾಂಡಿನವರೆಗೆ ಹೋಗಿತ್ತು. ಅಲ್ಲಿ ಅವನ ಊಟದ ತಟ್ಟೆಯ ನಟ್ಟನಡುವೆ ಒಂದು ಹುಳು ಕೂತಿತ್ತು. ಹೇಮಶ್ರೀ ಹೋದಾಗಿನಿಂದ ಆ ತಟ್ಟೆಯನ್ನು ಯಾರೂ ಇಳಿಸಿರಲಿಲ್ಲ. ತಟ್ಟೆ ತೊಳೆದು ಮೇಲಿನ ಅಟ್ಟದಲ್ಲಿಟ್ಟ. ಮರುದಿನ ಹುಳು ಅಟ್ಟಕ್ಕೇ ಹತ್ತಿ ಅದೇ ತಟ್ಟೆಯಲ್ಲಿ ಕೂತಿತ್ತು.

ಇತ್ತ ಕೆಂಪಿ ಚೇತರಿಸಿಕೊಂಡು ಗಾಜಿನ ಮೇಲಿನ ಮರಿಹುಳುಗಳನ್ನು ಹೆಕ್ಕಿ ತಿನ್ನತೊಡಗಿತು. ಆದರೂ ಸೌಟಿನ ಸದ್ದು ನಿಲ್ಲಲಿಲ್ಲ. ಹೊಟ್ಟೆ ತುಂಬಿದ ಮೀನಿಗೆ ಇನ್ನೇಕೆ ಈ ಕರೆ ಎಂದು ಕಾಂತರಾಜುವಿಗೆ ದಿಗಿಲು ಹತ್ತಿತು.

ಆ ವಾರದಲ್ಲೇ ಮಹಾಲಯ ಅಮಾವಾಸ್ಯೆ. ಕೀರ್ತನಾ ದೀಪಾಂಜಲಿ ನಗರದಿಂದ ಬೆಳಿಗ್ಗೆಯೇ ಬಂದು ಮುದ್ದೆ, ಹುರುಳಿಕಾಳಿನ ಸಾರು, ವಡೆ, ಕಜ್ಜಾಯ ಮಾಡಿದಳು. ಮನೆಗೆ ಬೀಗ ಹಾಕಿ ಅಪ್ಪ ಮಗಳಿಬ್ಬರೂ ಟೆರೇಸಿಗೆ ಹೋಗಿ ಬಾಳೆಲೆಯಲ್ಲಿ ಎಡೆ ಇಟ್ಟರು. ಕಾಗೆ ಬಂತು. ನೀರಿನ ತೊಟ್ಟಿಯ ಮೇಲೆ ಕೂತಿತು. ಮುಟ್ಟಲಿಲ್ಲ.

"ಅಪ್ಪ, ಏನಾದ್ರೂ ಹೇಳಿ" ಅಂದಳು ಕೀರ್ತನಾ.

"ಕೆಂಪಿ ಚೆನ್ನಾಗಿದೆ ಕಣೇ, ತಾನೇ ಹೆಕ್ಕಿ ತಿಂತಿದೆ. ನಾಳೆಯಿಂದ ನಾನೂ ಹಾಕ್ತೀನಿ" ಅಂದ ಕಾಂತರಾಜು. ಕಾಗೆ ಬೆನ್ನು ತಿರುಗಿಸಿ ಕೂತಿತು.

ಆಗ ಕೆಳಗಿನಿಂದ ಟಣ್, ಟಣ್, ಟಣ್ ಎಂದು ಸದ್ದು ಬಂತು. ಅವನಿಗೆ ಅದು ರೂಢಿಯಾಗಿತ್ತು. ಕೀರ್ತನಾ ಬಿಳಿಚಿಕೊಂಡಳು.

"ಅಪ್ಪ, ಒಳಗೆ ಯಾರಿದಾರೆ? ಅಮ್ಮ ನಿಮ್ಮನ್ನ ಊಟಕ್ಕೆ ಕರೀತಿದ್ಲಲ್ಲ, ಹಾಗೇ ಬಡೀತಿದಾರೆ."

ಬೀಗದ ಕೈ ಕಾಂತರಾಜುವಿನ ಜೇಬಿನಲ್ಲಿತ್ತು. ಅವನು ಮಗಳ ಮುಖ ನೋಡಿದ. 'ನನ್ನನ್ನ, ಊಟಕ್ಕೆ' ಅಂದುಕೊಂಡ. ಅಟ್ಟದ ಮೇಲಿನ ತಟ್ಟೆ ಕಣ್ಣಿಗೆ ಕಟ್ಟಿತು. ಹುಚ್ಚಪ್ಪ, ಇಷ್ಟು ದಿನ ಆ ಕರೆಯನ್ನು ಮೀನಿಗೆ ದಾಟಿಸಿ ಕೂತಿದ್ದ.

"ನೀನು ಕಳಿಸಿದ್ದನ್ನ ನಾನು ಒಂದು ದಿನಾನೂ ಉಣ್ಣಲಿಲ್ಲ ಕಣವ್ವ. ಎಲ್ಲಾ ಟ್ಯಾಂಕಿಗೆ, ನಾಯಿಗೆ ಹಾಕ್ದೆ" ಅಂದ. ಕೀರ್ತನಾಳ ಕಣ್ಣು ಅವನ ಸೊಂಟದ ಬೆಲ್ಟಿನ ಮೇಲೆ ನಿಂತಿತು.

ಅವನು ಎಡೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತು ಮುದ್ದೆಗೆ ಕೈ ಹಾಕಿದ.

"ಬೇಡ ಅಪ್ಪ, ಕಾಗೆ ಇನ್ನೂ ಮುಟ್ಟಿಲ್ಲ. ನಾವು ಉಣ್ಣಂಗಿಲ್ಲ."

ಅವನು ಕೇಳಲಿಲ್ಲ. ತುತ್ತು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಅದನ್ನು ಕಷ್ಟಪಟ್ಟು ನುಂಗಿದ. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಕೈ ಹಾಕುವಾಗ ಕಾಗೆ ಇಳಿದು ಬಂದು ಎಲೆಯ ಆ ತುದಿಯಲ್ಲಿ ನಿಂತು ವಡೆ ಕುಕ್ಕತೊಡಗಿತು. ಕೆಳಗಿನ ಸದ್ದು ನಿಂತಿತ್ತು.

ಕೀರ್ತನಾ ಬೀಗದ ಕೈ ಇಸಕೊಂಡು ಇನ್ನಷ್ಟು ಮುದ್ದೆ ಸಾರು ತರಲು ಇಳಿದು ಹೋದಳು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಅಮ್ಮನ ಕಬ್ಬಿಣದ ಸೌಟು ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು.

"ಅಪ್ಪ, ಇದು ಮೊಳೆಯಲ್ಲೇ ಇತ್ತು. ಹಿಡಿ ಬೆಚ್ಚಗಿದೆ" ಅಂದಳು.

ಕಾಂತರಾಜು ತಲೆ ಎತ್ತಲಿಲ್ಲ. "ಇನ್ನೊಂದು ಮುದ್ದೆ ಹಾಕವ್ವ" ಅಂದ.