ಪಟ್ಟದ ಗೊಂಬೆಗೆ ಬಂದ ಆರ್ಡರ್

ಇಂಟರ್ನೆಟ್ಟನ್ನು ಬೈಯುವವರ ಗುಂಪಿಗೆ ನಾನು ಇವತ್ತಿಗೂ ಸೇರಿಲ್ಲ. ಅದರಿಂದ ನನಗಾದ ಉಪಕಾರ ಅಂಥದ್ದು. ಆ ಉಪಕಾರ ಆದದ್ದು ನನ್ನದೇ ಒಂದು ಎಡವಟ್ಟಿನಿಂದ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಮ್ಮ ಜಯನಗರದ ಮನೆಯಲ್ಲಿ ಪಟ್ಟದ ಗೊಂಬೆಗಳಿಗೆ ಬಟ್ಟೆ ಹೊಲಿದು ಕೊಡುತ್ತಿದ್ದಳು. ನವರಾತ್ರಿಗೆ ತಿಂಗಳಿರುವಾಗಲೇ ಸುತ್ತಲಿನ ಬ್ಲಾಕುಗಳ ಹೆಂಗಸರು ತಮ್ಮ ಮರದ ರಾಜ-ರಾಣಿಯರನ್ನು ಹಳೇ ಸೀರೆಯಲ್ಲಿ ಸುತ್ತಿ ತಂದು ಬಿಟ್ಟು ಹೋಗುತ್ತಿದ್ದರು. ರಾಜನಿಗೆ ಜರಿಪೇಟ, ರಾಣಿಗೆ ನೆರಿಗೆ ಹಿಡಿದ ಸೀರೆ. ಅಂಗಡಿಗಳಿಗೆ ರೆಡಿಮೇಡ್ ಬಟ್ಟೆ ಬಂದ ಮೇಲೆ ಈ ಹೆಂಗಸರೂ ಕಡಿಮೆಯಾದರು. ಹೊಲಿಗೆ ಯಂತ್ರದ ಮೇಲೆ ಮುಚ್ಚಿದ ಬಟ್ಟೆ ದಿನಗಟ್ಟಲೆ ಹಾಗೇ ಇರುತ್ತಿತ್ತು.

ಮದುವೆಯಾಗಿ ಬಿ.ಟಿ.ಎಂ. ಲೇಔಟಿನಲ್ಲಿದ್ದ ನಾನು ಆಗಷ್ಟೇ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದೆ. ಕಲಿತದ್ದನ್ನು ಎಲ್ಲಾದರೂ ತೋರಿಸಬೇಕಿತ್ತು.

"ಅಮ್ಮ, ನಿನಗೊಂದು ವೆಬ್‌ಸೈಟ್ ಮಾಡ್ಕೊಡ್ತೀನಿ. ಇಡೀ ಪ್ರಪಂಚಾನೇ ನಿನ್ ಹತ್ರ ಹೊಲಿಸ್ಕೊಳತ್ತೆ," ಎಂದು ಕೊಚ್ಚಿಕೊಂಡೆ.

"ನಂಗಿರೋದು ಎರಡೇ ಕೈ ಕಣೇ," ಎಂದಳು ಅಮ್ಮ.

ಪುಕ್ಕಟೆ ಜಾಗ ಕೊಡುವ ಕಡೆ ಒಂದು ಪುಟ ಕಟ್ಟಿದೆ. ಫೋಟೋ ಬೇಕಿತ್ತು, ನಮ್ಮ ಮನೆಯದೇ ಪಟ್ಟದ ಗೊಂಬೆಗಳಿಗೆ ಅಮ್ಮ ಹೊಲಿದ ಹೊಸ ಬಟ್ಟೆ ತೊಡಿಸಿ ತೆಗೆದೆ, ಸೈಬರ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಆ ಕಾಲದಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಪೇಟ ಕಂಡು ಮೀಸೆ ಬರುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಪ್ರಚಾರವೆಂದರೆ, ಕಂಡ ಕಂಡ ಇ-ಮೇಲ್ ಗುಂಪುಗಳಿಗೆಲ್ಲ ನಮ್ಮ ಪುಟದ ವಿಳಾಸ ಕಳಿಸಿದೆ, ಬೈಸಿಕೊಂಡೆ, ಮತ್ತೆ ಕಳಿಸಿದೆ. ಪುಟದ ಕೆಳಗೆ ನೋಡಿದವರ ಲೆಕ್ಕ ತೋರಿಸುವ ಒಂದು ಮೀಟರ್ ಇತ್ತು. ಅದು ಏರುತ್ತಿದ್ದುದು ಬಹುಪಾಲು ನನ್ನಿಂದಲೇ.

ಫೋಟೋದಲ್ಲಿದ್ದ ಆ ಗೊಂಬೆಗಳನ್ನು ಅಜ್ಜಿ ಅಮ್ಮನಿಗೆ ಅವಳ ಮದುವೆಯಲ್ಲಿ ಕೊಟ್ಟಿದ್ದಳು, ಅಮ್ಮ ನನ್ನ ಮದುವೆಯಲ್ಲಿ ನನಗೆ ಕೊಟ್ಟಳು. "ಆ ಎರಡು ರೂಮಿನ ಮನೇಲಿ ಎಲ್ಲಿಡ್ಲಿ, ನಂಗೆ ಬೇಡ" ಎಂದು ನಾನು ಬಿಟ್ಟು ಹೋಗಿದ್ದೆ.

ಫೋಟೋದ ಕೆಳಗೆ ಬೆಲೆ ಹಾಕಿದೆ, ಅದು ಬಟ್ಟೆಯ ಬೆಲೆ ಎಂದು ಬರೆಯಲಿಲ್ಲ. ಮನೆಯ ಪಟ್ಟದ ಗೊಂಬೆಯನ್ನು ಯಾರೂ ಮಾರುವುದಿಲ್ಲ ಎಂದು ಜಯನಗರದಲ್ಲಿ ಯಾರಿಗೆ ಹೇಳಬೇಕು? ನನ್ನ ಪುಟ ಜಯನಗರದಾಚೆಗೂ ತೆರೆದುಕೊಳ್ಳುತ್ತದೆ ಎನ್ನುವುದು, ಪ್ರಪಂಚ ಪ್ರಪಂಚ ಎಂದು ಕುಣಿದ ನನಗೇ ಹೊಳೆಯಲಿಲ್ಲ.

ಮೊದಲ ಆರ್ಡರ್ ಕೋಲ್ಕತ್ತದಿಂದ ಬಂತು. ಗೊಂಬೆ ಕೂಡಿಡುವ ಹವ್ಯಾಸವಿದ್ದ, ನಿವೃತ್ತ ಟೀಚರೊಬ್ಬರು. ರಾಜ-ರಾಣಿ ಇಬ್ಬರೂ ಬೇಕು ಎಂದು ಬರೆದಿದ್ದರು. ಅವರು ಕೇಳುತ್ತಿರುವುದು ಗೊಂಬೆಗಳನ್ನೇ ಎಂದು ಅರ್ಥವಾಯಿತು. ಆದರೆ ಮೊದಲ ಆರ್ಡರ್. ಮರದ ಗೊಂಬೆ ತಾನೇ, ಇನ್ನೊಂದು ಜೊತೆ ಕೊಂಡರಾಯಿತು ಎಂದುಕೊಂಡು, ಕೂತ ಜಾಗದಲ್ಲೇ ಒಪ್ಪಿಗೆ ಬರೆದುಬಿಟ್ಟೆ. ನನಗೆ ಆಗ ಅಷ್ಟೇ ಬುದ್ಧಿ.

ಅಮ್ಮನಿಗೆ ಹೇಳಿದೆ. "ನಿಂಗೆ ಕೊಟ್ಟಾಗಿದೆ. ನಿನ್ ವಸ್ತು, ನಿನ್ನಿಷ್ಟ," ಎಂದಳು. ಮರುದಿನ ಹೋದರೆ ರಟ್ಟಿನ ಡಬ್ಬಿ ಸಿದ್ಧವಾಗಿತ್ತು. ಜೊತೆಗೆ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ.

"ಇದನ್ನ ಇಂಗ್ಲಿಷ್‌ನಲ್ಲಿ ಬರೆದು ಆಯಮ್ಮಂಗೆ ಕಳಿಸು. ಅವ್ರಿಗೆ ಪಾಪ ಗೊತ್ತಿರಲ್ಲ."

ಸೈಬರ್ ಸೆಂಟರಿನಲ್ಲಿ ಕೂತು ಹಾಳೆ ಬಿಚ್ಚಿದೆ. ಪಾಡ್ಯದ ಬೆಳಗ್ಗೆ ಮೇಲಿನ ಮೆಟ್ಟಿಲಲ್ಲಿ ಕೂರಿಸುವುದು. ರಾಣಿ ರಾಜನ ಎಡಕ್ಕೆ. ಸಾಯಂಕಾಲ ಆರತಿ, ಬಂದ ಮಕ್ಕಳಿಗೆ ಬೊಂಬೆ ಬಾಗಿನವೆಂದು ತಿಂಡಿ. ವಿಜಯದಶಮಿ ರಾತ್ರಿ ಒಂದನ್ನಾದರೂ ಮಲಗಿಸುವುದು. ರಾಣಿಯ ಬಲಗೈ ಸಡಿಲವಾಗಿದೆ, ಎತ್ತುವಾಗ ಸೊಂಟ ಹಿಡಿದು ಎತ್ತುವುದು.

ಹುಟ್ಟಿದಾಗಿನಿಂದ ನೋಡಿದ ಗೊಂಬೆ. ಅದರ ಕೈ ಸಡಿಲವಿರುವುದು ನನಗೆ ಗೊತ್ತೇ ಇರಲಿಲ್ಲ. ಮುಖ ಕಾಣದ ಒಬ್ಬ ಹೆಂಗಸಿಗೆ ಅಮ್ಮ ಇಷ್ಟನ್ನೂ ಹೇಳಿಕೊಡುತ್ತಿದ್ದಳು. ನಾನು ಅವಳನ್ನು ಒಂದು ದಿನವೂ ಕೇಳಿರಲಿಲ್ಲ. ಅಲ್ಲೇ, ಪಕ್ಕದಲ್ಲಿ ಯಾರೋ ಪರೀಕ್ಷೆಯ ರಿಸಲ್ಟ್ ನೋಡುತ್ತಿರುವಾಗ, ನಾನು ಅತ್ತೆ. ಸೆಂಟರಿನ ಮೇಡಂ ನಾನು ಫೇಲಾದೆ ಎಂದುಕೊಂಡು ನೀರು ಕೊಟ್ಟರು.

ಹಾಳೆಯ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಕೆಳಗೆ, ಇವು ಮಾರಾಟಕ್ಕಿಲ್ಲ, ತಪ್ಪು ನನ್ನದು, ಕ್ಷಮಿಸಿ ಎಂದು ಸೇರಿಸಿದೆ. ಇದ್ದ ಒಬ್ಬ ಗಿರಾಕಿಯನ್ನೂ ಕಳೆದುಕೊಂಡೆ ಎಂದೇ ಮನೆಗೆ ಹೋದೆ.

ಎರಡು ದಿನಕ್ಕೆ ಉತ್ತರ ಬಂತು. ಅಮ್ಮನ ಮಾತುಗಳನ್ನು ಓದಿದ ಮೇಲೆ, ಗೊಂಬೆ ಕಳಿಸಿದ್ದರೂ ತಾವು ತೆಗೆದುಕೊಳ್ಳುತ್ತಿರಲಿಲ್ಲ ಎಂದು ಆಕೆ ಬರೆದಿದ್ದರು. ತಮ್ಮಲ್ಲಿರುವ ಎರಡು ಗೊಂಬೆಗಳ ಅಳತೆ ಕೊಟ್ಟು, ಬಟ್ಟೆ ಹೊಲಿದು ಕಳಿಸಲು ಕೇಳಿದ್ದರು. ಆಮೇಲೆ ತಮ್ಮ ಗೆಳತಿಯರಿಗೆಲ್ಲ ನಮ್ಮ ಪುಟದ ವಿಳಾಸ ಕಳಿಸಿದರು. ನಾನು ಮಾಡಿದ ಯಾವ ಪ್ರಚಾರಕ್ಕೂ ಅಷ್ಟು ಆರ್ಡರ್ ಬಂದಿರಲಿಲ್ಲ. ಆ ಪುಣ್ಯಾತ್ಮಳನ್ನು ನಾನು ಇಂದಿಗೂ ನೋಡಿಲ್ಲ. ದಿನಾ ನೆನೆಯುತ್ತೇನೆ ಎಂದರೆ ಸುಳ್ಳಾದೀತು, ನವರಾತ್ರಿಯಲ್ಲಂತೂ ತಪ್ಪದೆ ನೆನೆಯುತ್ತೇನೆ.

ಪತ್ರದ ಪ್ರಿಂಟ್ ಹಿಡಿದು ಅಂದೇ ಜಯನಗರಕ್ಕೆ ಹೋದೆ. ಓದಿ ಹೇಳಿದೆ. "ಗೊಂಬೆ ನಾನು ಮನೆಗೆ ತಗೊಂಡು ಹೋಗ್ತೀನಿ ಅಮ್ಮ," ಎಂದೆ.

ಅಮ್ಮ ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದಳು. ನನ್ನನ್ನು ಮಣೆಯ ಮೇಲೆ ಕೂರಿಸಿ, ರಾಜ-ರಾಣಿ ಇಬ್ಬರನ್ನೂ ಮಡಿಲಿಗಿಟ್ಟಳು.

"ಮದುವೆ ಗಡಿಬಿಡೀಲಿ ಇವನ್ನ ಮರೆತು ಬಿಟ್ಟು ಹೋಗಿದ್ಯಲ್ಲ. ಎಲ್ಲರಿಗೂ ಹಾಗೇ ಹೇಳಿದೀನಿ," ಎಂದಳು.