ಐಸಿನ ಮೇಲೆ ಬಂದ ರಕ್ತ

ನಮ್ಮ ಲ್ಯಾಬಿನಲ್ಲಿ ಅವಳಿಗೆ ಪುರಾವೆ ಅಕ್ಕ ಎಂದೇ ಹೆಸರು. ಯಾರು ಏನು ಹೇಳಿದರೂ "ಪುರಾವೆ ಎಲ್ಲಿ?" ಎನ್ನುತ್ತಿದ್ದಳು. ಟೀ ಚೆನ್ನಾಗಿದೆ ಅಂದರೂ ಬಿಡುತ್ತಿರಲಿಲ್ಲ. ತೆಗೆದ ರಕ್ತ ಯಂತ್ರ ಸೇರುವವರೆಗಿನ ದಾರಿಯಲ್ಲಿ ಏನೇನು ಕೆಡುತ್ತದೆ ಎಂದು ಪ್ರಯೋಗ ಮಾಡಿ ತೋರಿಸುವುದು ಅವಳ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ.

ಊರಾಚೆಯ ಕೇಂದ್ರಗಳಿಂದ ರಕ್ತದ ಕೊಳವೆಗಳು ತಡವಾಗಿ ಬರುತ್ತಿದ್ದವು. ತಡವಾದರೆ ಪೊಟ್ಯಾಸಿಯಂ ಅಳತೆ ತಪ್ಪುತ್ತದೆಯೇ? ಅವಳು ನಮ್ಮೆಲ್ಲರ ತೋಳಿಗೆ ಸೂಜಿ ಚುಚ್ಚಿ, ಕೊಳವೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಬಿಟ್ಟು ಬಿಟ್ಟು ಅಳೆದಳು. ಏನೂ ಕೆಡಲಿಲ್ಲ. "ಮಧ್ಯಾಹ್ನದವರೆಗೆ ಕಾಯಬಹುದು" ಎಂಬ ನಿಯಮ ಗೋಡೆಗೇರಿತು. ಅವಳ ಜೊತೆ ನಾವೂ ಬೀಗಿದೆವು.

ಆಮೇಲೊಂದು ದಿನ ಅವಳ ಅತ್ತೆಯ ರಕ್ತ ಅಂಥದೇ ಕೇಂದ್ರದಿಂದ ಬಂತು. ಪೊಟ್ಯಾಸಿಯಂ ವಿಪರೀತ. ವರದಿ ನೋಡಿ ಡಾಕ್ಟರು, ಪೊಟ್ಯಾಸಿಯಂ ಏರಿಸುವುದು ಅದೇ ಎಂದು ಹೃದಯದ ಮಾತ್ರೆ ನಿಲ್ಲಿಸಿದರು. ಸ್ವಲ್ಪ ದಿನಕ್ಕೇ ಅತ್ತೆ ಕಾಲು ಊದಿ, ಉಸಿರಾಡಲಾಗದೆ ಆಸ್ಪತ್ರೆ ಸೇರಿದರು. ಅಲ್ಲಿ ರಕ್ತ ತೆಗೆದು ಕೂಡಲೇ ಅಳೆದಾಗ ಪೊಟ್ಯಾಸಿಯಂ ಸರಿಯಾಗಿತ್ತು. ಮಾತ್ರೆ ನಿಲ್ಲಿಸಿದ್ದಕ್ಕೆ ಇಳಿದಿದೆ ಎಂದರು ಡಾಕ್ಟರು. ಪುರಾವೆ ಅಕ್ಕನಿಗೆ ನಮ್ಮ ಲ್ಯಾಬಿನ ಅಳತೆಯ ಮೇಲೇ ಅನುಮಾನ ಬಂತು.

ರಕ್ತ ತರುವ ಬೈಕಿನವನನ್ನು ಹಿಡಿದು ಕೇಳಿದಳು.

"ಕೆಡಬಾರ್ದು ಅಂತ ಪೆಟ್ಟಿಗೇಲಿ ಐಸ್ ಮೇಲೇ ಇಟ್ಕೊಂಡು ಬರ್ತೀನಿ ಮೇಡಂ. ಹಾಲಿಗೂ ಹಂಗೇ ಮಾಡಲ್ವಾ?" ಎಂದು ಅವನು ಶಹಬ್ಬಾಸ್‌ಗಿರಿಗೆ ಕಾದು ನಿಂತ.

ಹಾಗೆ ತಣ್ಣಗಿಟ್ಟರೆ ರಕ್ತಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಬಣ್ಣ ಬದಲಾಗುವುದಿಲ್ಲ, ಕಣ್ಣಿಗೆ ಸುಳಿವೇ ಸಿಗುವುದಿಲ್ಲ. ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ ಇದು. ದಾರಿಯ ಬಗ್ಗೆ ಪ್ರಯೋಗ ಮಾಡಿದವಳು ದಾರಿಗೇ ಇಳಿದಿರಲಿಲ್ಲ, ಅಷ್ಟೆ. ಮತ್ತೆ ನಮ್ಮ ರಕ್ತ ತೆಗೆದು ಈ ಸಲ ಐಸಿನ ಮೇಲಿಟ್ಟಳು. ಅಳತೆ ಏರಿತು. ನಮ್ಮ ಮುಖ ನೋಡಲಾರದೆ ಯಂತ್ರದ ಕಡೆಗೇ ತಿರುಗಿ ಕೂತಳು. ಗೋಡೆಯ ಚೀಟಿಯನ್ನು ಅವಳೇ ಕಿತ್ತಳು.

ಸಂಜೆ ಅವಳ ಜೊತೆ ನಾನೂ ವಾರ್ಡಿಗೆ ಹೋದೆ. ಅತ್ತೆ ಪಕ್ಕದ ಹಾಸಿಗೆಯವರಿಗೆ ಹೇಳುತ್ತಿದ್ದರು: "ಪೊಟ್ಯಾಸಿಯಂ ಏರಿದ್ದು ನನ್ನ ಸೊಸೆಯ ಲ್ಯಾಬಲ್ಲೇ ಗೊತ್ತಾಯ್ತು ನೋಡಿ. ಇಲ್ದಿದ್ರೆ ಆ ಮಾತ್ರೆ ನನ್ನ ಕಥೆ ಮುಗಿಸ್ತಿತ್ತು."

"ಅತ್ತೆ, ಮಾತ್ರೆ ಸರಿಯಾಗೇ ಇತ್ತು. ಐಸ್ ಪೆಟ್ಟಿಗೇಲಿ ಬಂದಿದ್ದಕ್ಕೆ ರಕ್ತದ ಅಳತೆ ಸುಳ್ಳಾಯ್ತು. ತಪ್ಪಿದ್ದು ನನ್ನ ಪ್ರಯೋಗ. ನಿಮ್ಮನ್ನ ಇಲ್ಲಿ ಮಲಗಿಸಿದ್ದು ನಾನೇ," ಎಂದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅತ್ತೆ ಅವಳ ಕೈ ಹಿಡಿದುಕೊಂಡರು. "ಹೋಗ್ಲಿ ಬಿಡಮ್ಮ. ನಂಗಾದ್ರೆ ನೀನಿದ್ದೆ, ಗೊತ್ತಾಯ್ತು. ಆ ಪೆಟ್ಟಿಗೇಲಿ ನನ್ನ ರಕ್ತ ಒಂದೇ ಇತ್ತಾ?"

ಪುರಾವೆ ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು. ಅಲ್ಲಿಯವರೆಗೆ ಬೇರೆಯವರು ಅವಳ ನೆನಪಿಗೇ ಬಂದಿರಲಿಲ್ಲ.