ಕೆಟಲ್ ಮಹಡಿ ಹತ್ತಿದ್ದು

ಗಿರಣಿಯಲ್ಲಿ ಅವಳಿಗೆ ಬಿದ್ದ ಹೆಸರು ಪಾದರಸ. ನಿಂತಲ್ಲಿ ನಿಂತವಳಲ್ಲ. ಮುಷ್ಕರದಲ್ಲಿ ಎಲ್ಲರಿಗಿಂತ ಮುಂದಿದ್ದು ಲಾಠಿ ತಿಂದಳು. ಗಿರಣಿ ಮುಚ್ಚಿದ ಮೇಲೂ ಕಾಲು ಒಂದೆಡೆ ಊರಲಿಲ್ಲ. ಈಗ ಮಗನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಅಲೆಯುತ್ತಿದ್ದಳು. ಕಿವಿ ಮಾತ್ರ ಸೂರಿನ ಮೇಲೆ.

ಮೇಲಿದ್ದದ್ದು ಮೇಸ್ತ್ರಿಯ ಮನೆ. ಅದೇ ಗಿರಣಿಯ ಮೇಸ್ತ್ರಿ, ಮುಷ್ಕರದಲ್ಲಿ ಧಣಿಯ ಪಕ್ಕ ನಿಂತವನು. ವರ್ಷಗಟ್ಟಲೆ ಇಬ್ಬರೂ ಎದುರಾದರೆ ಮುಖ ತಿರುಗಿಸುತ್ತಿದ್ದರು. ಹತ್ತಿಯ ಧೂಳು ಅವನ ಶ್ವಾಸಕೋಶ ತಿಂದುಹಾಕಿತ್ತು. ಧೂಳಿಗೆ ಧಣಿ ಕಡೆಯವನು, ಕೂಲಿ ಕಡೆಯವನು ಅನ್ನುವ ಭೇದವಿಲ್ಲ. ಈಗ ಅವನ ಮೂಗಿಗೆ ನಳಿಕೆ, ಮಂಚದ ಪಕ್ಕ ಗುಂಯ್ ಅನ್ನುವ ಆಮ್ಲಜನಕದ ಯಂತ್ರ. ಎರಡೂ ಮನೆಗೆ ಒಂದೇ ಹಳೇ ವೈರು. ಕೆಳಗೆ ಓವನ್ನು, ಕೆಟಲ್ಲು ಒಟ್ಟಿಗೆ ಹಾಕಿದರೆ ಫ್ಯೂಸು ಹೋಯಿತು, ಮೇಲೆ ಯಂತ್ರ ನಿಂತಿತು ಎಂದೇ ಲೆಕ್ಕ. ವೈರು ಬದಲಿಸಿ ಎಂದರೆ ಮನೆಯೊಡೆಯ ನಾಳೆ ಎನ್ನುತ್ತಿದ್ದ.

ಪಾದರಸ ಮನೆಯಲ್ಲಿ ಕಾನೂನು ಮಾಡಿದಳು.

"ಓವನ್ ಹಾಕಿದಾಗ ಕೆಟಲ್ ಮುಟ್ಟಂಗಿಲ್ಲ. ಮುಚ್ಚಳ ಮುಚ್ಚಿ ಬೇಯ್ಸು. ಬಿಸಿ ಪಾತ್ರೆ ಫ್ರಿಜ್ಜಿಗೆ ತುರುಕ್ಬೇಡ, ಆರಲಿ. ಒಂದು ಲೋಟ ಟೀಗೆ ಒಂದೇ ಲೋಟ ನೀರು."

"ಅತ್ತೆ, ಉಸಿರಾಡೋಕಾದ್ರೂ ಅಪ್ಪಣೆ ಇದ್ಯಾ?" ಎಂದಳು ಸೊಸೆ.

"ಮೇಲಿನವನು ಆಡಿದ್ಮೇಲೆ ನೀನಾಡು."

ಆ ಬೆಳಿಗ್ಗೆ ವೈರಿಂಗ್‌ನವನನ್ನು ಕಳಿಸುತ್ತೇನೆ ಎಂದಿದ್ದ ಮನೆಯೊಡೆಯ. ಯಾರೂ ಬರಲಿಲ್ಲ. ಸೊಸೆ ಓವನ್ನಿಗೆ ಬ್ರೆಡ್ಡಿಟ್ಟು ಬಟ್ಟೆ ಒಣಹಾಕಲು ಹೋದಳು. ಪಾದರಸ ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು, ಬಾಯಲ್ಲೇ ಮನೆಯೊಡೆಯನ ವಂಶ ಜಾಲಾಡಿದಳು. ತಲೆ ಕೆಟ್ಟಾಗೆಲ್ಲ ಅವಳಿಗೆ ಟೀ ಬೇಕು. ಕೈ ತನ್ನಷ್ಟಕ್ಕೆ ಕೆಟಲನ್ನು ಕಂಠಪೂರ್ತಿ ತುಂಬಿಸಿ ಗುಂಡಿ ಒತ್ತಿತು.

ಢಪ್.

ಸೂರಿನ ಮೇಲಿನ ಗುಂಯ್ ನಿಂತಿತು. ಆಮೇಲೆ ಯಂತ್ರದ ಕಿರುಚಾಟ.

ಮೊಣಕಾಲು ನೋವಿಗೆ ಕವಡೆ ಕಿಮ್ಮತ್ತು ಕೊಡದೆ ಮೆಟ್ಟಿಲು ಹತ್ತಿದಳು. ಆಪತ್ತಿಗೆಂದು ಇಟ್ಟ ಸಣ್ಣ ಸಿಲಿಂಡರಿನ ಕೀಲಿ ತಿರುಗಿಸಲಾರದೆ ಮೇಸ್ತ್ರಿಯ ಹೆಂಡತಿ ಒದ್ದಾಡುತ್ತಿದ್ದಳು. ಮೇಸ್ತ್ರಿಯ ತುಟಿ ನೀಲಿಗಟ್ಟಿತ್ತು. ಪಾದರಸ ಕೀಲಿ ಕಿತ್ತುಕೊಂಡು ಹಲ್ಲು ಕಚ್ಚಿ ತಿರುಗಿಸಿದಳು. ಗಾಳಿ ಬುಸ್ಸೆಂದಿತು.

"ಅಕ್ಕಾ, ನಿಮ್ಮ ಸೊಸೆಗೆ ಒಂಚೂರು ಬುದ್ಧಿ ಹೇಳಿ! ಅವಳ ಓವನ್ ನಮ್ಮನೆಯವರನ್ನ ತಿನ್ನುತ್ತೆ!" ಮೇಸ್ತ್ರಿಯ ಹೆಂಡತಿ ಅತ್ತಳು. ಓಡಿಬಂದ ಸೊಸೆ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲೇ ಬೆಪ್ಪಾಗಿ ನಿಂತಳು.

"ಅವಳನ್ನ ಯಾಕೆ ಬಯ್ತೀಯ? ಕೆಟಲ್ ಹಾಕಿದ್ದು ನಾನು."

ಸೊಸೆ ಕೆಳಗಿಳಿದು ಓವನ್ನು, ಕೆಟಲ್ಲು ಆರಿಸಿ ಫ್ಯೂಸು ಕಟ್ಟಿದಳು. ಯಂತ್ರ ಮತ್ತೆ ಗುಂಯ್ ಎಂದಿತು. ಮೇಸ್ತ್ರಿಗೆ ಮಾತು ಬರಲು ಹೊತ್ತು ಹಿಡಿಯಿತು.

"ಗಿರಣಿ ನಿಲ್ಸಿದ್ದು ಸಾಲ್ದು ಅಂತ... ನನ್ನ ಮಿಷನ್ನೂ ನಿಲ್ಸೋಕೆ ಬಂದ್ಯಾ?"

"ಅದನ್ನ ಬೇಕಂತ್ಲೇ ನಿಲ್ಸಿದ್ದೆ ಮೇಸ್ತ್ರಿ. ಅದಕ್ಕೆ ಸತ್ರೂ ಕ್ಷಮೆ ಕೇಳಲ್ಲ. ಇದಕ್ಕೆ ಕೇಳ್ತೀನಿ, ತಪ್ಪಾಯ್ತು."

ಕೆಳಗಿಳಿದವಳು ಕೆಟಲ್ ತಂದು ಅವನ ಮಂಚದ ಪಕ್ಕ ಕುಕ್ಕಿದಳು.

"ಇದು ಇಲ್ಲೇ ಇರ್ಲಿ. ಕೆಳಗೆ ಓವನ್ ಆರಿದ್ರೆ ಮಾತ್ರ ನಂಗೆ ಕೊಡು."

"ದಿನಕ್ಕೆ ಎಷ್ಟು ಸಲ ಹತ್ತೀಯ, ಮುದುಕಿ?"

ಮಧ್ಯಾಹ್ನದೊಳಗೆ ಮತ್ತೆ ಹತ್ತಿದಳು, ಕೈಯಲ್ಲಿ ಒಂದೇ ಒಂದು ಲೋಟ ನೀರು. "ಓವನ್?" ಎಂದ ಮೇಸ್ತ್ರಿ. "ಆರ್ಸಿದೀನಿ ಕಣೋ." ಅವನು ಕೆಟಲನ್ನು ಮುಂದೆ ತಳ್ಳಿದ. ಟೀಯನ್ನು ನಿಂತೇ ಕುಡಿದು, ನಾಲಿಗೆ ಸುಟ್ಟುಕೊಂಡು, ಪಾದರಸ ನೇರ ಮನೆಯೊಡೆಯನ ಬಾಗಿಲು ಬಡಿಯಲು ಹೊರಟಳು. ಹಿಂದೆಯೇ ಸೊಸೆಯೂ ಚಪ್ಪಲಿ ಮೆಟ್ಟಿದಳು.